ರಜೆಯ ನಂತರದ ಓಟ

ಬೇಸಗೆಯ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುವ ವೇಳೆಗೆ ಕೊಡಗಿನಲ್ಲಿ ಮುಂಗಾರು ಮಳೆಯೂ ಬಂದಿಳಿಯುತ್ತದೆ. ಗೋಣಿಕೊಪ್ಪದಿಂದ ಕುಟ್ಟಕ್ಕೆ ಹೋಗುವ ದಾರಿಯಲ್ಲಿ, ಬ್ರಹ್ಮಗಿರಿ ಬೆಟ್ಟಸಾಲಿನ ಸಮೀಪದಲ್ಲಿರುವ ಶ್ರೀಮಂಗಲದಂತಹ ಊರುಗಳಲ್ಲಿ ಓಟದ ಅಭ್ಯಾಸಕ್ಕೆ ಹೀಗೆ ಎರಡು ತಡೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಯಿಲ್ಲ. ಮೈದಾನಕ್ಕೆ ಕರೆಯುವ ಅಧ್ಯಾಪಕರೂ ಇಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಶಾಲೆಯುಂಟು. ಆದರೆ ಮೈದಾನದಲ್ಲಿ ನೀರು ನಿಂತಿರುತ್ತದೆ. ಇವೆರಡರ ನಡುವೆ ಮಳೆ ಸ್ವಲ್ಪ ಹೊಳವಾದ ಒಂದು ಮಧ್ಯಾಹ್ನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಓಡಿಸಿ, ಶಾಲೆಯ ತಂಡಕ್ಕೆ ಯಾರು, ಹೋಬಳಿಯ ಕ್ರೀಡಾಕೂಟಕ್ಕೆ ಯಾರು ಎಂಬುದನ್ನು ನಿರ್ಧರಿಸುವುದು ಅನೇಕ ಕಡೆಗಳಲ್ಲಿ ವಾಡಿಕೆಯಾಗಿದೆ. ಈ ವಾಡಿಕೆಯು ವಿಜ್ಞಾನಕ್ಕೂ ನ್ಯಾಯಕ್ಕೂ ಹೊಂದುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮಾರ್ಚ್ ತಿಂಗಳಿನಲ್ಲಿ ಮೈದಾನವನ್ನು ಹತ್ತು ಸುತ್ತು ಲೀಲಾಜಾಲವಾಗಿ ಓಡುತ್ತಿದ್ದ ವಿದ್ಯಾರ್ಥಿಯು ಜೂನಿನಲ್ಲಿ ನಾಲ್ಕನೆಯ ಸುತ್ತಿಗೇ ಏದುಸಿರು ಬಿಡುವುದುಂಟು. ಆಗ ಅವನಿಗೆ ತೋರುವ ದಾರಿಗಳು ಎರಡು. ತನ್ನ ಶಕ್ತಿಯೆಲ್ಲ ಹೋಯಿತೆಂದು ಓಟವನ್ನೇ ಬಿಟ್ಟುಬಿಡುವುದು ಒಂದು. ಹೋದುದನ್ನು ಒಂದೇ ವಾರದಲ್ಲಿ ಗಳಿಸಿಬಿಡುತ್ತೇನೆಂದು ಹಟ ಹಿಡಿದು ಓಡುವುದು ಇನ್ನೊಂದು. ಇವೆರಡೂ ತಪ್ಪು. ಏಕೆ ತಪ್ಪೆಂಬುದನ್ನು ತಿಳಿಯಬೇಕಾದರೆ ರಜೆಯಲ್ಲಿ ಶರೀರವು ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಉಳಿಸಿಕೊಳ್ಳುತ್ತದೆ ಎಂಬ ಲೆಕ್ಕವನ್ನು ನೋಡಬೇಕು.

ಮೊದಲು ಕಡಿಮೆಯಾಗುವುದು ರಕ್ತದಲ್ಲಿರುವ ದ್ರವಭಾಗ. ನಿತ್ಯವೂ ಓಡುವವರ ಶರೀರದಲ್ಲಿ ರಕ್ತದ ಪ್ರಮಾಣವು ಸ್ವಲ್ಪ ಹೆಚ್ಚಾಗಿರುತ್ತದೆ. ಅದರಿಂದ ಹೃದಯವು ಚೆನ್ನಾಗಿ ತುಂಬಿಕೊಂಡು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡಬಲ್ಲುದು. ಓಟವನ್ನು ನಿಲ್ಲಿಸಿದ ಎರಡು ವಾರಗಳೊಳಗೇ ಈ ಹೆಚ್ಚಳವು ಬಹುಮಟ್ಟಿಗೆ ಇಳಿದುಹೋಗುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಬಡಿತಕ್ಕೆ 100 ಮಿಲಿಲೀಟರ್ ರಕ್ತವನ್ನು ದೂಡುವ ಹೃದಯವು ನಿಮಿಷಕ್ಕೆ 15 ಲೀಟರ್ ರಕ್ತವನ್ನು ಒದಗಿಸಬೇಕಾದರೆ 150 ಬಾರಿ ಬಡಿಯಬೇಕು. ಅದೇ ಹೃದಯವು ಬಡಿತಕ್ಕೆ 88 ಮಿಲಿಲೀಟರ್ ಮಾತ್ರ ದೂಡಬಲ್ಲುದಾದರೆ ಸುಮಾರು 170 ಬಾರಿ ಬಡಿಯಬೇಕಾಗುತ್ತದೆ. ದಾರಿ ಅದೇ, ವೇಗವೂ ಅದೇ. ಎದೆಯ ಬಡಿತ ಮಾತ್ರ ಬೇರೆ. ಜೂನಿನ ಏದುಸಿರಿನ ರಹಸ್ಯವು ಬಹುಮಟ್ಟಿಗೆ ಇಷ್ಟೇ.

ಎರಡನೆಯ ನಷ್ಟ ಮಾಂಸಖಂಡಗಳಲ್ಲಿ ಆಗುವಂತಹುದು. ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಗಳೆಂಬ ಸೂಕ್ಷ್ಮ ಅಂಗಗಳು ನಮ್ಮ ಜೀವಕೋಶಗಳಲ್ಲಿವೆ. 1984ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚೆನ್ನಾಗಿ ಪಳಗಿದ ಏಳು ಮಂದಿಯನ್ನು ಅಭ್ಯಾಸ ನಿಲ್ಲಿಸಿದ ಮೇಲೆ 84 ದಿನಗಳವರೆಗೆ ಪರೀಕ್ಷಿಸಲಾಯಿತು. ಅವರ ಶರೀರವು ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯವು ಮೊದಲ ಮೂರು ವಾರಗಳಲ್ಲಿ ಶೇಕಡಾ 7ರಷ್ಟು ಇಳಿಯಿತು. ಎಂಟು ವಾರಗಳ ಹೊತ್ತಿಗೆ ಇಳಿತವು ಶೇಕಡಾ 16ರಷ್ಟಾಗಿ, ಅಲ್ಲಿಂದ ಮುಂದೆ ನಿಂತಿತು. ಇದಕ್ಕಿಂತ ಗಮನಾರ್ಹವಾದುದು ಇನ್ನೊಂದು ಸಂಗತಿ. ಮಾಂಸಖಂಡಗಳಿಗೆ ರಕ್ತವನ್ನು ಹಂಚುವ ಕೂದಲಿಗಿಂತ ಸಣ್ಣದಾದ ನಾಳಗಳ ಸಂಖ್ಯೆಯು 84 ದಿನಗಳ ಕೊನೆಗೂ ಕಡಿಮೆಯಾಗಿರಲಿಲ್ಲ. ಅಂದರೆ ಕಾಲುವೆಗಳು ಹಾಗೆಯೇ ಇವೆ; ಅವುಗಳಲ್ಲಿ ಹರಿಯುವ ನೀರು ಸ್ವಲ್ಪ ತಗ್ಗಿದೆ.

ಹೋದುದು ಮರಳಿ ಬರುತ್ತದೆಯೇ? ಬರುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಐದು ಮಂದಿ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಲ್ಲಿಯೇ ಇರಿಸಿ ಪರೀಕ್ಷಿಸಿದರು. ಅವರು ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವು ಸರಾಸರಿ 3.3 ಲೀಟರಿನಿಂದ 2.4 ಲೀಟರಿಗೆ ಇಳಿಯಿತು. ಬಳಿಕ ಎಂಟು ವಾರಗಳ ಕ್ರಮವಾದ ವ್ಯಾಯಾಮದಿಂದ ಅದು 3.9 ಲೀಟರಿಗೇರಿ, ಮೊದಲಿದ್ದುದನ್ನೂ ಮೀರಿತು. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಮೂವತ್ತು ವರ್ಷಗಳ ವಯಸ್ಸು ಅವರಿಂದ ಕಸಿದುಕೊಂಡುದಕ್ಕಿಂತ ಆ ಮೂರು ವಾರಗಳ ಹಾಸಿಗೆಯೇ ಹೆಚ್ಚು ಕಸಿದುಕೊಂಡಿತ್ತೆಂದು ಕಂಡುಬಂದಿತು. ರಜೆಯಲ್ಲಿ ಯಾರೂ ಹಾಸಿಗೆ ಹಿಡಿದು ಮಲಗುವುದಿಲ್ಲ. ಆದುದರಿಂದ ನಮ್ಮ ವಿದ್ಯಾರ್ಥಿಗಳ ನಷ್ಟ ಇದಕ್ಕಿಂತ ಬಹಳ ಚಿಕ್ಕದು. ಓಟವನ್ನು ಬಿಟ್ಟುಬಿಡುವಷ್ಟು ನಿರಾಶೆಗೆ ಯಾವ ಕಾರಣವೂ ಇಲ್ಲ.

ಹಾಗಾದರೆ ಹಟ ಹಿಡಿದು ಓಡುವುದರಲ್ಲಿ ತಪ್ಪೇನು? ಶರೀರದ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಮರಳಿ ಅಣಿಯಾಗುವುದಿಲ್ಲ ಎಂಬುದರಲ್ಲಿಯೇ ತೊಡಕಿದೆ. ರಕ್ತದ ಪ್ರಮಾಣವು ಕೆಲವು ದಿನಗಳಲ್ಲಿಯೇ ಹೆಚ್ಚತೊಡಗುತ್ತದೆ. ಉಸಿರು ಎರಡು ಮೂರು ವಾರಗಳಲ್ಲಿ ಹದಕ್ಕೆ ಬರುತ್ತದೆ. ಮೂಳೆಯ ರೀತಿಯೇ ಬೇರೆ. ಹೊಸ ಭಾರ ಬಿದ್ದಾಗ ಮೂಳೆಯು ಮೊದಲು ತನ್ನ ಹಳೆಯ ಭಾಗವನ್ನು ಅಲ್ಲಲ್ಲಿ ಕರಗಿಸಿ, ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಕರಗಿಸುವ ಕೆಲಸಕ್ಕೆ ಸುಮಾರು ಮೂರು ವಾರಗಳು ಸಾಕು. ಕಟ್ಟುವ ಕೆಲಸಕ್ಕೆ ಸುಮಾರು ಮೂರು ತಿಂಗಳುಗಳು ಬೇಕು. ಮನೆಯ ಮಾಡಿನ ಹಳೆಯ ಹೆಂಚನ್ನು ಇಳಿಸಿ, ಹೊಸ ಹೆಂಚನ್ನು ಹೊದಿಸುವುದಕ್ಕೆ ಮೊದಲೇ ಮಳೆ ಹೊಡೆದರೆ ಮನೆಯ ಗತಿ ಏನಾಗುವುದೋ, ಈ ನಡುವಣ ಅವಧಿಯಲ್ಲಿ ವಿಪರೀತ ಓಡಿದ ಕಾಲಿನ ಮೂಳೆಯ ಗತಿಯೂ ಅದೇ.

ಓಟದಲ್ಲಿ ಪಾದವು ನೆಲವನ್ನು ತಾಕುವಾಗ ಕಾಲಿನ ಮೇಲೆ ಬೀಳುವ ಬಲವು ಶರೀರದ ತೂಕದ ಎರಡರಿಂದ ಮೂರರಷ್ಟಿರುತ್ತದೆ. ಒಂದು ಕಿಲೋಮೀಟರ್ ಓಟಕ್ಕೆ ಸುಮಾರು ಒಂದು ಸಾವಿರ ಹೆಜ್ಜೆಗಳು. 50 ಕಿಲೋಗ್ರಾಮ್ ತೂಕದ ವಿದ್ಯಾರ್ಥಿನಿಯು ಮೂರು ಕಿಲೋಮೀಟರ್ ಓಡಿದರೆ ಅವಳ ಒಂದೊಂದು ಕಾಲೂ 100 ಕಿಲೋಗ್ರಾಮಿಗಿಂತ ಹೆಚ್ಚಿನ ಭಾರವನ್ನು ಒಂದೂವರೆ ಸಾವಿರ ಸಲ ತಾಳಿಕೊಳ್ಳಬೇಕು. ಉಸಿರು ಸುಧಾರಿಸಿತೆಂಬ ಭರವಸೆಯಿಂದ ಎರಡನೆಯ ಮೂರನೆಯ ವಾರದಲ್ಲಿ ಓಟವನ್ನು ಇಮ್ಮಡಿಗೊಳಿಸಿದವರಿಗೆ ಕಣಕಾಲಿನ ಮುಂಭಾಗದಲ್ಲಿ ನೋವು ಬರುವುದೂ, ಕೆಲವೊಮ್ಮೆ ಮೂಳೆಯಲ್ಲಿ ಸಣ್ಣ ಬಿರುಕು ಬಿಡುವುದೂ ಈ ಕಾರಣದಿಂದಲೇ.

ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಕಂಡರಗಳು ಇನ್ನೂ ನಿಧಾನಿಗಳು. 1955ರಿಂದ 1963ರವರೆಗೆ ನಡೆದ ಪರಮಾಣು ಬಾಂಬುಗಳ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲವು ಹೆಚ್ಚಿತ್ತು. ಆ ಇಂಗಾಲದ ಗುರುತನ್ನು ಹಿಡಿದು ಡೆನ್ಮಾರ್ಕಿನ ಸಂಶೋಧಕರು ಹಿಮ್ಮಡಿಯ ಕಂಡರದ ವಯಸ್ಸನ್ನು ಅಳೆದರು. ಅದರ ಒಳತಿರುಳು ಹುಟ್ಟಿನಿಂದ ಸುಮಾರು ಹದಿನೇಳು ವರ್ಷಗಳವರೆಗೆ ಮಾತ್ರ ಕಟ್ಟಲ್ಪಡುತ್ತದೆ, ಆ ಮೇಲೆ ಬಹುತೇಕ ಬದಲಾಗುವುದೇ ಇಲ್ಲ ಎಂದು 2013ರಲ್ಲಿ ಪ್ರಕಟಿಸಿದರು. ಈ ಪುಟಗಳನ್ನು ಓದುತ್ತಿರುವ ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ಜೀವಮಾನಕ್ಕೆ ಸಾಕಾಗಬೇಕಾದ ಆ ಹುರಿಯನ್ನು ಈಗ ಹೊಸೆಯುತ್ತಿದ್ದಾರೆ ಎಂದಾಯಿತು. ಆತುರದಿಂದ ಅದನ್ನು ಎಳೆದು ಕೆಡಿಸಿಕೊಳ್ಳುವುದು ಜಾಣತನವಲ್ಲ.

ಇನ್ನು ಆಯ್ಕೆಯ ಪ್ರಶ್ನೆಗೆ ಬರೋಣ. ಶಾಲೆ ತೆರೆದ ಮೊದಲ ವಾರಗಳಲ್ಲಿ ನಡೆಸುವ ಓಟವು ಮಕ್ಕಳ ಸಾಮರ್ಥ್ಯವನ್ನು ಅಳೆಯುವುದಿಲ್ಲ. ಅವರು ರಜೆಯನ್ನು ಹೇಗೆ ಕಳೆದರೆಂಬುದನ್ನು ಅಳೆಯುತ್ತದೆ. ಕೊಡಗಿನಲ್ಲಿ ಎಲ್ಲರ ರಜೆಯೂ ಒಂದೇ ಬಗೆಯದಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯು ಬೇಸಗೆಯಲ್ಲಿಯೇ ನಡೆಯುತ್ತದೆ. ಅದರಲ್ಲಿ ಆಡುವ ಮಕ್ಕಳ ಕಾಲು ಏಪ್ರಿಲ್, ಮೇ ತಿಂಗಳುಗಳಲ್ಲೂ ಪಳಗಿರುತ್ತದೆ. ಕಾಫಿ ತೋಟದ ಲೈನ್ ಮನೆಯಲ್ಲಿ ಬೆಳೆಯುವ ಹುಡುಗಿಯ ಮಾತು ಬೇರೆ. ತಾಯಿ ತಂದೆಯರು ಕೆಲಸಕ್ಕೆ ಹೋದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳುವುದರಲ್ಲಿಯೇ ಅವಳ ರಜೆ ಕಳೆದಿರಬಹುದು. ಇಬ್ಬರನ್ನೂ ಜೂನಿನಲ್ಲಿ ಒಂದೇ ಗೆರೆಯ ಮೇಲೆ ನಿಲ್ಲಿಸಿ, ಹಿಂದೆ ಬಿದ್ದವಳಿಗೆ ‘ಓಟ ನಿನ್ನಿಂದಾಗದು’ ಎಂದರೆ ಅವಳು ಅದನ್ನು ನಂಬುತ್ತಾಳೆ. ಮುಂದಿನ ವರ್ಷ ಗೆರೆಯ ಬಳಿಗೂ ಬರುವುದಿಲ್ಲ. ಎಂಟು ವಾರಗಳ ಅಭ್ಯಾಸದಿಂದ ಅಳಿಸಿಹೋಗಬಹುದಾಗಿದ್ದ ವ್ಯತ್ಯಾಸವು ಹೀಗೆ ಶಾಶ್ವತವಾಗುತ್ತದೆ. 1988ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದ ಅಶ್ವಿನಿ ನಾಚಪ್ಪನವರಂತಹ ಓಟಗಾರ್ತಿಯನ್ನು ನಾಡಿಗೆ ಕೊಟ್ಟ ಜಿಲ್ಲೆಯು ಒಂದೊಂದು ಮಗುವಿನ ಕಾಲನ್ನೂ ಇದಕ್ಕಿಂತ ಹೆಚ್ಚು ತಾಳ್ಮೆಯಿಂದ ನೋಡಬೇಡವೇ?

ಕ್ರೀಡಾಕೂಟದ ದಿನವನ್ನು ನಿಗದಿಮಾಡುವವರು ತಾವಲ್ಲ, ತಾವೇನು ಮಾಡಬಲ್ಲೆವು ಎಂದು ಅಧ್ಯಾಪಕರು ಕೇಳಬಹುದು. ಇದು ಅಲಕ್ಷಿಸತಕ್ಕ ಮಾತಲ್ಲ. ಆದರೆ ಎರಡು ಕೆಲಸಗಳು ಅವರ ಕೈಯಲ್ಲಿವೆ. ಮೊದಲನೆಯದು, ರಜೆಗೆ ಮುಂಚಿನ ಉಪದೇಶ. 1981ರಿಂದ 1985ರವರೆಗೆ ರಾಬರ್ಟ್ ಹಿಕ್ಸನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ವಾರಕ್ಕೆ ಆರು ದಿನ ಅಭ್ಯಾಸ ಮಾಡಿ ಗಳಿಸಿದ ಸಾಮರ್ಥ್ಯವನ್ನು ವಾರಕ್ಕೆ ಎರಡೇ ದಿನಗಳ ಅಭ್ಯಾಸದಿಂದ ಹದಿನೈದು ವಾರಗಳವರೆಗೆ ಕಾಪಾಡಿಕೊಳ್ಳಬಹುದೆಂದು ತಿಳಿದುಬಂದಿತು. ಷರತ್ತು ಒಂದೇ: ದಿನಗಳು ಕಡಿಮೆಯಾದರೂ ಓಟದ ಬಿರುಸು ಕಡಿಮೆಯಾಗಬಾರದು. ನಮ್ಮ ಬೇಸಗೆಯ ರಜೆಯು ಹದಿನೈದು ವಾರಗಳ ಅರ್ಧದಷ್ಟೂ ಇಲ್ಲ. ವಾರಕ್ಕೆ ಎರಡು ದಿನ, ಅರ್ಧ ಗಂಟೆ — ಇಷ್ಟನ್ನು ಮನೆಗೆಲಸವುಳ್ಳ ಹುಡುಗಿಗೂ ಬಿಡುವು ಮಾಡಿಕೊಡಬೇಕೆಂದು ಪೋಷಕರಿಗೆ ಹೇಳುವುದು ಕಷ್ಟವೇನಲ್ಲ. ಎರಡನೆಯದು, ಆಯ್ಕೆಯನ್ನು ಒಂದೇ ದಿನಕ್ಕೆ ಮುಗಿಸದಿರುವುದು. ಮೊದಲ ನಾಲ್ಕು ವಾರಗಳಲ್ಲಿ ಯಾರನ್ನೂ ಕೈಬಿಡದೆ ಎಲ್ಲರನ್ನೂ ಓಡಿಸಿ, ಕೂಟಕ್ಕೆ ಆದಷ್ಟು ಸಮೀಪದ ದಿನದಲ್ಲಿ ತಂಡವನ್ನು ಆರಿಸಿದರೆ ಅರ್ಧ ಅನ್ಯಾಯವು ತಾನಾಗಿಯೇ ತಪ್ಪುತ್ತದೆ.

ಈ ವಿವೇಕವು ಕೊಡಗಿಗೆ ಹೊಸದಲ್ಲ. ಇಲ್ಲಿನ ಭತ್ತದ ಬೇಸಾಯದಲ್ಲಿ ಎಲ್ಲಕ್ಕಿಂತ ದೊಡ್ಡ ಗದ್ದೆಯ ನಾಟಿಯಾಗುವಾಗ ನಡುವೆ ಒಂದು ಪಟ್ಟಿಯನ್ನು ಖಾಲಿ ಬಿಟ್ಟು, ಕೆಸರಿನಲ್ಲಿ ಓಟದ ಪಂದ್ಯವನ್ನು ನಡೆಸುವ ಪದ್ಧತಿಯಿತ್ತು. ಇಂದಿನ ಕೆಸರುಗದ್ದೆ ಓಟಗಳು ಅದನ್ನು ನೆನಪಿಗೆ ತರುತ್ತವೆ. ಆ ಪಂದ್ಯವು ನಾಟಿಯ ಕೊನೆಗೆ ಬರುತ್ತಿತ್ತೇ ಹೊರತು ಮೊದಲಿಗಲ್ಲ. ವಾರಗಟ್ಟಲೆ ಉತ್ತು, ಸಸಿ ಕಿತ್ತು, ನೆಟ್ಟು, ಮೈ ಕೈ ಪಳಗಿದ ಮೇಲೆ ಓಟ. ಶಾಲೆಗಳು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿವೆ.

ಓಟಕ್ಕೆ ಮರಳುವ ವಿದ್ಯಾರ್ಥಿಗಳಿಗೆ ನಾವು ಸೂಚಿಸುವ ಕ್ರಮವು ಸರಳವಾದುದು. ಮೊದಲ ವಾರ ದಿನ ಬಿಟ್ಟು ದಿನ ಇಪ್ಪತ್ತು ನಿಮಿಷ. ಎರಡು ನಿಮಿಷ ನಡಿಗೆ, ಎರಡು ನಿಮಿಷ ನಿಧಾನವಾದ ಓಟ. ಜತೆಯಲ್ಲಿರುವವರೊಡನೆ ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಆಡಲು ಬಂದರೆ ವೇಗವು ಸರಿಯಾಗಿದೆ ಎಂದು ತಿಳಿಯಬೇಕು. ಎರಡನೆಯ ವಾರ ನಡಿಗೆಯನ್ನು ಅರ್ಧಕ್ಕೆ ಇಳಿಸಬಹುದು. ಮೂರನೆಯ ವಾರ ಉಸಿರು ಹಗುರವಾಗಿ, ಇನ್ನೂ ಓಡಬೇಕೆನಿಸುತ್ತದೆ. ಮೂಳೆಯ ಲೆಕ್ಕದಲ್ಲಿ ಅಪಾಯದ ವಾರ ಅದೇ ಆದುದರಿಂದ ದೂರವನ್ನು ಹೆಚ್ಚಿಸದೆ ತಡೆದುಕೊಳ್ಳಬೇಕು. ಐದನೆಯ ವಾರದಿಂದ ದೂರವನ್ನೂ, ಆ ಬಳಿಕ ವೇಗವನ್ನೂ ಸ್ವಲ್ಪ ಸ್ವಲ್ಪವಾಗಿ ಏರಿಸಬಹುದು. ಬೆರಳಿನಿಂದ ಒತ್ತಿದರೆ ಮೂಳೆಯ ಒಂದೇ ಬಿಂದುವಿನಲ್ಲಿ ನೋವಾಗುತ್ತಿದ್ದರೆ, ವಿಶ್ರಾಂತಿಯಲ್ಲೂ ಅದು ಬಿಡದಿದ್ದರೆ ಓಟವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು. ಜ್ವರವಿದ್ದಾಗ ಓಡಲೇಬಾರದು.

ಮಳೆ ಬಿಡದ ದಿನಗಳಲ್ಲಿ ಶಾಲೆಯ ಜಗಲಿಯಲ್ಲಿ ಹಗ್ಗ ಹಾರುವುದು, ಮೆಟ್ಟಿಲು ಹತ್ತಿ ಇಳಿಯುವುದು ಓಟಕ್ಕೆ ಸಾಕಷ್ಟು ಒಳ್ಳೆಯ ಬದಲಿಗಳು. ಶ್ರೀಮಂಗಲ, ಕುಟ್ಟದ ಸುತ್ತಿನಲ್ಲಿ ಆನೆಗಳೂ ಹುಲಿಗಳೂ ತೋಟಗಳಿಗೆ ಬರುವುದುಂಟಾದುದರಿಂದ, ಬೆಳಗಾಗುವ ಮೊದಲು ಒಂಟಿಯಾಗಿ ರಸ್ತೆಯಲ್ಲಿ ಓಡುವ ಸಾಹಸವನ್ನು ಯಾರೂ ಮಾಡತಕ್ಕದ್ದಲ್ಲ. ಬೆಳಕು ಹರಿದ ಮೇಲೆ ನಾಲ್ಕಾರು ಮಂದಿ ಜತೆಗೂಡಿ ಓಡುವುದು ಕ್ಷೇಮ.

ಹೀಗೆ ಜೂನಿನಲ್ಲಿ ಮೆಲ್ಲನೆ ಆರಂಭಿಸಿದವರು, ನಾಟಿ ಮುಗಿದು ಕೈಲ್ ಮುಹೂರ್ತದ ಆಟೋಟಗಳು ಬರುವ ಸೆಪ್ಟೆಂಬರಿನ ಹೊತ್ತಿಗೆ ಹದವಾಗಿ ಪಳಗಿರುತ್ತಾರೆ. ಅಂದು ಅವರನ್ನು ಗೆರೆಯ ಮೇಲೆ ನಿಲ್ಲಿಸಿ ಅಳೆದರೆ ಅಳತೆ ಸರಿಯಾದೀತು. ಅಲ್ಲಿಯವರೆಗೆ ಯಾವ ವಿದ್ಯಾರ್ಥಿಯೂ ತನ್ನನ್ನು ತಾನೇ ಅಳೆದುಕೊಂಡು ನಿರಾಶನಾಗದಿರಲಿ. ಯಾವ ಅಧ್ಯಾಪಕರೂ ಅವಸರದಿಂದ ಅಳೆಯದಿರಲಿ.