ಪಂಪು ನಮ್ಮದು, ಬಾವಿ ಯಾರದ್ದು?

ಎಲ್ಲೂರಿನ ಆಸುಪಾಸಿನಲ್ಲಿ ಮಲ್ಲಿಗೆ, ಅಡಿಕೆ ಬೆಳೆಯುವ ಹನ್ನೆರಡು ಮನೆಯವರ ಒಂದು ಸಣ್ಣ ಗುಂಪು ನಮ್ಮದು. ಮಣಿಪಾಲದಲ್ಲಿ ಕಲಿಯುವ ನನ್ನ ಸೋದರಳಿಯ ಕಳೆದ ಮಳೆಗಾಲದಲ್ಲಿ ಮನೆಗೆ ಬಂದಿದ್ದಾಗ ಒಂದು ಮಾತು ಹೇಳಿದ. "ಮಾವ, ಗುಂಪಿಗೆ ಒಂದು ಎಐ ಸಹಾಯಕ ಮಾಡಿ ಕೊಡ್ತೇನೆ. ಮಲ್ಲಿಗೆಯ ಲೆಕ್ಕ ಇಡ್ತದೆ, ರೋಗಕ್ಕೆ ಮದ್ದು ಹೇಳ್ತದೆ. ಕನ್ನಡದಲ್ಲೇ ಕೇಳಿದರಾಯ್ತು." ಯಾರಿಗೆ ಬೇಡ ಹೇಳಿ!

ಹಳೆಯ ಕಂಪ್ಯೂಟರಿನ ಎದುರು ಕೂತು ಅವನು ಮೂರು ಸಂಗತಿ ತುಂಬಿದ. ಒಂದು ವಿಳಾಸ, ಒಂದು ಮಾಡೆಲಿನ ಹೆಸರು, ಒಂದು ಉದ್ದದ ಕೀಲಿ. "ಈ ಪೆಟ್ಟಿಗೆಯಲ್ಲಿ ಬುದ್ಧಿ ಇಲ್ಲ ಮಾವ, ಬುದ್ಧಿ ಕ್ಲೌಡಿನಲ್ಲಿ ಉಂಟು" ಅಂದ. ನನಗೆ ಅರ್ಥವಾದದ್ದು ಹೀಗೆ: ನಮ್ಮಲ್ಲಿರುವುದು ಪಂಪು ಮಾತ್ರ. ಬಾವಿ ಬೇರೆಯವರ ಜಾಗದಲ್ಲಿದೆ. ನಡುವೆ ಪೈಪು, ಅದಕ್ಕೊಂದು ಮೀಟರು.

ಕ್ಲೌಡ್ ಅಂದರೆ ಆಕಾಶದ ಮೋಡ ಅಲ್ಲ. ಎಲ್ಲೋ ಒಂದು ಕಡೆ ಕಟ್ಟಡ, ಅದರೊಳಗೆ ಸಾಲುಸಾಲು ಯಂತ್ರ. ಅವಕ್ಕೆ ಕರೆಂಟು ಬೇಕು, ತಂಪು ಮಾಡಲು ಎಷ್ಟೋ ಕಡೆ ನೀರೂ ಬೇಕು. ಎಲ್ಲೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರದೇಶದ ಕಲ್ಲಿದ್ದಲು ಸುಡುವ 1,200 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ನಮ್ಮೂರಿನಲ್ಲೇ ಇದೆ. ದೂರದ ಪೇಟೆಯಲ್ಲಿ ಸ್ವಿಚ್ಚು ಒತ್ತುವವನಿಗೆ ನಮ್ಮ ಚಿಮಣಿ ಕಾಣುವುದಿಲ್ಲ. ನಾವು ಫೋನಿನಲ್ಲಿ ಪ್ರಶ್ನೆ ಕೇಳುವಾಗಲೂ ಹಾಗೆಯೇ, ಇನ್ನೊಬ್ಬರ ಊರಿನ ಯಂತ್ರ ನಮಗೆ ಕಾಣುವುದಿಲ್ಲ.

ಇನ್ನು ಮೀಟರಿನ ವಿಷಯ. ನಾವು ಬರೆದದ್ದನ್ನು ಯಂತ್ರ ತುಂಡುತುಂಡು ಮಾಡಿ ಓದುತ್ತದೆ. ಈ ತುಂಡಿಗೆ ಟೋಕನ್ ಅನ್ನುತ್ತಾರೆ. ಹೋದ ಟೋಕನಿಗೂ ಬಂದ ಟೋಕನಿಗೂ ದರ ಉಂಟು. ಇಂಗ್ಲಿಷಿನ ಒಂದು ಮಾತಿಗಿಂತ ಕನ್ನಡದ ಅದೇ ಮಾತಿಗೆ ಸಾಮಾನ್ಯವಾಗಿ ಹೆಚ್ಚು ತುಂಡು ಆಗುತ್ತದೆ. ಓಪನ್‌ಎಐ ಕಂಪೆನಿ 2024ರ ಮೇ ತಿಂಗಳಲ್ಲಿ ತುಂಡು ಮಾಡುವ ಕ್ರಮ ಬದಲಿಸಿದಾಗ, ಅವರು ಕೊಟ್ಟ ಉದಾಹರಣೆಯ ತೆಲುಗು ವಾಕ್ಯಕ್ಕೆ ತುಂಡುಗಳು ಮೂರೂವರೆ ಪಾಲು ಕಡಿಮೆಯಾದವು. ಅಂದರೆ ಅಲ್ಲಿಯವರೆಗೆ ನಮ್ಮ ನೆರೆಭಾಷೆಯವರು ಎಷ್ಟು ಹೆಚ್ಚು ಕೊಡುತ್ತಿದ್ದರು ಅಂತ ನೀವೇ ಲೆಕ್ಕ ಹಾಕಿ.

ಸರಕಾರದ ಕಿಸಾನ್ ಇ-ಮಿತ್ರ 2023ರಲ್ಲಿ ಶುರುವಾಯಿತು. ಪಿಎಂ-ಕಿಸಾನ್ ಹಣದ ಬಗ್ಗೆ ಅದರಲ್ಲಿ ಕೇಳಬಹುದು. ಅಲ್ಲಿ ಲೈನು ಎಳೆದದ್ದು, ಬಿಲ್ಲು ಕಟ್ಟುವುದು ಎಲ್ಲ ಸರಕಾರ. ನಾವೇ ಲೈನು ಎಳೆದರೆ ಹೊಣೆಯೂ ನಮ್ಮದೇ.

ಆ ಹೊಣೆ ಎಂಥದ್ದು ಅಂತ ಬೇಗ ಗೊತ್ತಾಯಿತು. "ಅಡಿಕೆಗೆ ಮಹಾಳಿ ಬಂದಿದೆ" ಅಂತ ಕೇಳಿದರೆ ಅದು ಇನ್ನೇನೋ ಹೇಳಿತು. "ಕೊಳೆರೋಗ" ಅಂದ ಮೇಲೆ ಸರಿಯಾಗಿ ಬೋರ್ಡೋ ದ್ರಾವಣಕ್ಕೆ ಬಂತು. ಆದರೆ 200 ಲೀಟರಿನ ಡ್ರಮ್ಮಿಗೆ ಎಷ್ಟು ಅಂತ ಕೇಳಿದಾಗ, ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ ಅಂದಿತು. ಅದು 100 ಲೀಟರಿನ ಲೆಕ್ಕ! ಶೇಕಡಾ ಒಂದರ ದ್ರಾವಣಕ್ಕೆ ಎರಡೆರಡು ಕಿಲೊ ಬೇಕು. ನನಗೆ ಗೊತ್ತಿತ್ತು, ಬಚಾವಾದೆ. ಹೊಸಬರು ಯಾರಾದರೂ ಅರೆಬರೆ ಮದ್ದು ಬಿಟ್ಟಿದ್ದರೆ? ಉದುರಿದ ಅಡಿಕೆ ಹೆಕ್ಕುವವರು ನಾವು, ಕ್ಲೌಡಿನವರಲ್ಲ.

ಮಲ್ಲಿಗೆಯದ್ದೂ ಇದೇ ಕತೆ. ಶಂಕರಪುರದ ಕಟ್ಟೆಯಲ್ಲಿ ಅಟ್ಟೆ, ಚೆಂಡು ಅಂದರೆ ಮಕ್ಕಳಿಗೂ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ. ಕೊನೆಗೆ ಅಳಿಯ ನಮ್ಮ ಶಬ್ದ, ನಮ್ಮ ಅಳತೆ, ಮದ್ದಿನ ಪ್ರಮಾಣ ಎಲ್ಲ ಬರೆದ ಒಂದು ಹಾಳೆ ಮಾಡಿ, ಪ್ರತಿ ಪ್ರಶ್ನೆಯ ಜತೆ ಅದೂ ಹೋಗುವ ಹಾಗೆ ಮಾಡಿದ. ಉತ್ತರ ಸುಧಾರಿಸಿತು. ಆದರೆ ಆ ಹಾಳೆಗೂ ಪ್ರತಿ ಸಲ ಮೀಟರು ಓಡುತ್ತದೆ.

ಗುಂಪಿನಲ್ಲಿ ಜೋರು ಚರ್ಚೆಯಾದದ್ದು ಲೆಕ್ಕದ ಪುಸ್ತಕದ ಬಗ್ಗೆ. ಯಾರ ಮನೆಯ ಹೂ ಎಷ್ಟು, ಯಾರು ಎಷ್ಟು ಮುಂಗಡ ತೆಗೆದುಕೊಂಡಿದ್ದಾರೆ ಎಲ್ಲ ಅದರಲ್ಲಿದೆ. ಒಬ್ಬರು "ಎಲ್ಲ ಹಾಕಿಬಿಡುವ, ಸುಲಭ ಆಗ್ತದೆ" ಅಂದರು. ನಮ್ಮ ಕಾರ್ಯದರ್ಶಿ ಅಕ್ಕ ಒಪ್ಪಲಿಲ್ಲ. "ನನ್ನ ಸಾಲ ನೆರೆಮನೆಗೆ ಹೇಳುವುದಿಲ್ಲ, ಊರು ಗೊತ್ತಿಲ್ಲದ ಯಂತ್ರಕ್ಕೆ ಯಾಕೆ ಹೇಳ್ಲಿ?" ಅಂದರು. ನನಗೂ ಅದೇ ಸರಿ ಕಂಡಿತು. ಜನರ ಖಾಸಗಿ ವಿವರಗಳ ರಕ್ಷಣೆಗೆ 2023ರಲ್ಲಿ ಕೇಂದ್ರದ ಕಾನೂನು ಆಗಿದೆ, ನಿಜ. ಆದರೆ ಕಾನೂನಿಗಿಂತ ಮೊದಲು ಪರಸ್ಪರ ನಂಬಿಕೆ ಅಂತ ಒಂದುಂಟಲ್ಲ?

ಹಾಗಂತ ಲೈನು ಕಿತ್ತು ಬಿಸಾಡಿ ಅಂತ ನಾನು ಹೇಳುವುದಿಲ್ಲ. ಕಟ್ಟುನಿಟ್ಟಾಗಿ ಎಳೆಯಿರಿ, ಅಷ್ಟೆ. ಕೀಲಿ ಯಾರ ಕೈಗೆ ಸಿಕ್ಕಿದರೂ ಬಿಲ್ಲು ನಮಗೇ ಬರುತ್ತದೆ. ಹಾಗಾಗಿ ಅದು ವಾಟ್ಸಾಪಿನಲ್ಲಿ ಓಡಾಡಬಾರದು. ಖಾತೆ ಗುಂಪಿನ ಹೆಸರಲ್ಲಿರಲಿ, ತಿಂಗಳ ಖರ್ಚಿಗೆ ಮಿತಿ ಇರಲಿ. ಹೆಸರು, ಸಾಲ, ಆಧಾರ್ ನಂಬ್ರ ಹೊರಗೆ ಹೋಗುವುದು ಬೇಡ. ಕಂಪೆನಿಗಳು ಹಳೆಯ ಮಾಡೆಲು ನಿಲ್ಲಿಸುವುದುಂಟು, ದರ ಬದಲಿಸುವುದುಂಟು. ಆದ್ದರಿಂದ ವಿಳಾಸ ಬದಲಿಸಿ ಬೇರೆ ಮಾಡೆಲಿಗೆ ಜೋಡಿಸಲು ಬರುವಂಥ ಸಹಾಯಕವನ್ನೇ ಇಟ್ಟುಕೊಳ್ಳಬೇಕು. ಗೆಮ್ಮಾ, ಲಾಮಾದಂಥ ಮಾಡೆಲುಗಳನ್ನು ಇಳಿಸಿ ಸ್ವಂತ ಕಂಪ್ಯೂಟರಿನಲ್ಲೇ ಓಡಿಸಲಿಕ್ಕೂ ಆಗುತ್ತದೆ. ನಮ್ಮ ಹಳೆಯ ಪೆಟ್ಟಿಗೆಯಲ್ಲಿ ಸಣ್ಣದು ಮಾತ್ರ ಓಡಿತು. ನಿಧಾನ, ಕನ್ನಡವೂ ಸಾಧಾರಣ. ಆದರೆ ಗಾಳಿಮಳೆಗೆ ನೆಟ್ಟು ಹೋದ ದಿನವೂ ಅದು ಮಾತಾಡುತ್ತದೆ.

ಈಗ ನಾವು ಮದ್ದು, ಗೊಬ್ಬರದ ಪ್ರಶ್ನೆಗೆ ಮಾತ್ರ ಕ್ಲೌಡಿನ ಲೈನು ಬಳಸುತ್ತಿದ್ದೇವೆ. ಉತ್ತರವನ್ನು ಅನುಭವಸ್ಥರೊಬ್ಬರು ನೋಡಿದ ಮೇಲೆಯೇ ಮದ್ದು ಬಿಡುವುದು. ಲೆಕ್ಕದ ಪುಸ್ತಕ ಅಕ್ಕನ ಕಪಾಟಿನಲ್ಲೇ ಇದೆ. ಕರೆಂಟು ಹೋದರೆ ಚಿಮಿಣಿ ದೀಪದಲ್ಲೂ ಅದನ್ನು ಓದಬಹುದು.

ನಿಮ್ಮಲ್ಲಿ ಯಾರಾದರೂ ಹೀಗೆ ಲೈನು ಎಳೆದಿದ್ದರೆ ಅನುಭವ ಬರೆಯಿರಿ. ಲಾಭ ಮಾತ್ರ ಸಾಲದು, ಕೈಸುಟ್ಟುಕೊಂಡದ್ದನ್ನೂ ಬರೆಯಿರಿ.