ಸಾಹೇಬರ ವಾರಕ್ಕೆ ಏಳು ದಿನ ಸಾಲದು

ಬೆಳಿಗ್ಗೆ ಹತ್ತಕ್ಕೆ ರಸ್ತೆಗೆ ಗುದ್ದಲಿಪೂಜೆ. ಹನ್ನೊಂದೂವರೆಗೆ ಜಯಂತಿ. ಒಂದು ಗಂಟೆಗೆ ಕಲ್ಯಾಣ ಮಂಟಪದಲ್ಲಿ ವಧೂವರರಿಗೆ ಹಾರೈಕೆ, ಊಟಕ್ಕೆ ಪುರಸೊತ್ತಿಲ್ಲ. ಮೂರಕ್ಕೆ ತಿಥಿಮನೆ. ಸಂಜೆ ಸಮುದಾಯ ಭವನದ ಉದ್ಘಾಟನೆ, ರಾತ್ರಿ ಮಾರಿಹಬ್ಬ. ಇದು ಸೋಮವಾರದ್ದಾಯಿತು. ಮಂಗಳವಾರಕ್ಕೆ ಊರುಗಳ ಹೆಸರು ಬದಲಾಯಿಸಿಕೊಂಡರೆ ಆಯಿತು. ನಂಜನಗೂಡಾಗಲಿ, ತಿ.ನರಸೀಪುರವಾಗಲಿ, ಶಾಸಕರೆನಿಸಿಕೊಂಡವರ ವಾರ ಹೀಗೇ ಕಳೆಯುತ್ತದೆ. ಯಾವ ಪಕ್ಷದವರು ಗೆದ್ದರೂ ಪಟ್ಟಿ ಇದೇ.

ಇದನ್ನು ಕಂಡು ನಗುವವರಿದ್ದಾರೆ. ನಗುವ ಮುಂಚೆ ನಮ್ಮ ಪಕ್ಕದ ಸಂತೇಮರಹಳ್ಳಿಯನ್ನು ಒಂದು ಸಲ ನೆನೆಯಬೇಕು. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ ಬಿದ್ದದ್ದು 40,752 ಮತ. ಎದುರಾಳಿ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ! ಸೋತವರ ಕಾರಿನ ಡ್ರೈವರ್ ಅಂದು ಓಟು ಹಾಕಲು ಹೋಗಿರಲಿಲ್ಲವಂತೆ ಎಂಬ ಮಾತು ಈ ಸೀಮೆಯ ಟೀ ಅಂಗಡಿಗಳಲ್ಲಿ ಇನ್ನೂ ಹಳತಾಗಿಲ್ಲ. ಒಂದು ಮತದಿಂದ ಗೆದ್ದ ಅದೇ ಧ್ರುವನಾರಾಯಣರು ಎರಡು ಬಾರಿ ಸಂಸದರಾಗಿ, 2019ರಲ್ಲಿ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ವಿ. ಶ್ರೀನಿವಾಸಪ್ರಸಾದ್ ಎದುರು ಸೋತದ್ದು ಕೇವಲ 1,817 ಮತಗಳಿಂದ. ಎಂಟು ವಿಧಾನಸಭಾ ಕ್ಷೇತ್ರಗಳ ಲೆಕ್ಕದಲ್ಲಿ 1,817 ಅಂದರೆ ಎಷ್ಟು ಮನೆ, ಎಷ್ಟು ತಿಥಿ? ಇಂಥ ನೆಲದಲ್ಲಿ ರಾಜಕೀಯ ಮಾಡುವವರು ಒಂದು ಲಗ್ನಪತ್ರಿಕೆಯನ್ನೂ ಪಕ್ಕಕ್ಕಿಡಲು ಹೆದರಿದರೆ ಅವರನ್ನು ದೂರಿ ಫಲವಿಲ್ಲ.

ಜನರೂ ಬಿಡುವುದಿಲ್ಲ ಬಿಡಿ. "ಓಟ್ ಕೇಳಕ್ಕೆ ಮನೆ ಬಾಗ್ಲಿಗೆ ಬಂದವ್ರು, ಸಾವಿಗೆ ಬರ್ನಿಲ್ವಲ್ಲ" ಎಂದು ಆಡಿಕೊಳ್ಳುವವರು ನಾವೇ. ರಸ್ತೆ ಆಗದಿದ್ದರೆ ಐದು ವರ್ಷ ತಡೆದುಕೊಳ್ಳುತ್ತೇವೆ, ಮದುವೆಗೆ ಬರದಿದ್ದರೆ ಐದು ದಿನವೂ ತಡೆಯುವುದಿಲ್ಲ. ಹಾಗೆಂದು ತಿಥಿಮನೆಗೆ ಬಂದು ಮಂಡಿಯೂರಿ ಕೂತು, ಮುದುಕಮ್ಮನ ಕೈಹಿಡಿದು ಎರಡು ಮಾತಾಡಿ ಹೋಗುವುದು ಸಣ್ಣ ವಿಷಯವೂ ಅಲ್ಲ. ದೊಡ್ಡವರ ಮನೆಗೆ ಎಲ್ಲರೂ ಹೋಗುತ್ತಾರೆ. ಕೂಲಿ ಮಾಡುವವನ ಮನೆಗೆ ಶಾಸಕರು ಬಂದರೆ ಆ ಬೀದಿಗೆ ಅದೊಂದು ಧೈರ್ಯ.

ತಕರಾರು ಇರುವುದು ಬೇರೆ ಕಡೆ. ಸಾಹೇಬರು ಒಬ್ಬರೇ ಬರುವುದಿಲ್ಲವಲ್ಲ! ಜಯಂತಿಯೆಂದರೆ ತಹಸೀಲ್ದಾರರೂ ವೇದಿಕೆಯ ಮೇಲೆ, ತಾಲ್ಲೂಕು ಪಂಚಾಯಿತಿ ಇ.ಓ. ಸಾಹೇಬರೂ ವೇದಿಕೆಯ ಮೇಲೆ, ಬಿ.ಇ.ಓ. ಪಕ್ಕದ ಕುರ್ಚಿಯಲ್ಲಿ. ಕರೆದದ್ದು ಹನ್ನೊಂದೂವರೆಗೆ, ಮಾನ್ಯರ ಕಾರು ಬಂದದ್ದು ಒಂದೂವರೆಗೆ. ತಲಕಾಡು ಕಡೆಯಿಂದ ಖಾತೆ ಕೆಲಸಕ್ಕೆ ಬೆಳಿಗ್ಗೆಯೇ ಬಸ್ಸು ಹತ್ತಿ ನರಸೀಪುರಕ್ಕೆ ಬಂದ ರೈತ ಕಚೇರಿ ವರಾಂಡದಲ್ಲಿ ಟವೆಲ್ ಹಾಸಿಕೊಂಡು ಕೂತಿರುತ್ತಾನೆ. "ಸಾಹೇಬ್ರು ಫಂಕ್ಷನ್ನಲ್ಲವ್ರೆ, ನಾಳೆ ಬನ್ನಿ." ನಾಳೆ ಇನ್ನೊಂದು ಫಂಕ್ಷನ್ನು. ಇತ್ತ ಅಂಗಡಿಯವರ ಪಾಡು ಏನು? ಚಂದಾ ಕೊಟ್ಟದ್ದು ಅವರೇ, ಸ್ವಾಗತದ ಫ್ಲೆಕ್ಸು ಕಟ್ಟಿದ್ದು ಅವರ ಬೋರ್ಡಿನ ಮೇಲೆಯೇ!

ಇದಕ್ಕೆಲ್ಲ ಒಂದು ಕಾರಣವಿದೆ, ಅದನ್ನು ಯಾವ ವೇದಿಕೆಯಲ್ಲೂ ಯಾರೂ ಹೇಳುವುದಿಲ್ಲ. ಚರಂಡಿ, ಬೀದಿದೀಪ, ಶಾಲೆಯ ಹೆಂಚು, ಕುಡಿಯುವ ನೀರು ಇಂಥವಕ್ಕೆಲ್ಲ ಹಿಂದೆ ತಾಲ್ಲೂಕು ಪಂಚಾಯಿತಿ ಸದಸ್ಯರಿದ್ದರು, ಜಿಲ್ಲಾ ಪಂಚಾಯಿತಿ ಸದಸ್ಯರಿದ್ದರು. ಪಕ್ಕದ ಬೀದಿಯವರೇ, ಬೆಳಿಗ್ಗೆ ಎದ್ದು ಬೈದರೂ ಕೇಳಿಸಿಕೊಳ್ಳುವಂಥವರು. 2016ರಲ್ಲಿ ಗೆದ್ದು ಬಂದ ಅವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ ಅಂದರು, ಮೀಸಲಾತಿ ಅಂದರು, ಕೋರ್ಟು ಅಂದರು. ಸರ್ಕಾರ ಬದಲಾಯಿತು, ಆದರೂ ಚುನಾವಣೆ ಬರಲಿಲ್ಲ. ಆ ಸದಸ್ಯರಿಗೆ ಸಿಗುತ್ತಿದ್ದ ಅರ್ಜಿಗಳೆಲ್ಲ ಈಗ ಒಬ್ಬರೇ ಶಾಸಕರ ಕೈಗೆ. ಅವರು ಸಿಕ್ಕುವುದಾದರೂ ಎಲ್ಲಿ? ಮದುವೆಯಲ್ಲಿ, ತಿಥಿಯಲ್ಲಿ, ಮಾರಿಗುಡಿ ಮುಂದೆ. ಹಾಗಾಗಿ ಜನ ಅಕ್ಷತೆಯ ಜೊತೆಗೇ ಅರ್ಜಿಯನ್ನೂ ಹಿಡಿದು ನಿಲ್ಲುತ್ತಾರೆ. ಕರೆಯುವುದೇ ಅದಕ್ಕೆ!

ದುಡ್ಡಿನ ಮಾತಿಗೂ ಬರೋಣ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಸಂಸದರದ್ದು 5 ಕೋಟಿ, ಎಂಟು ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ 62 ಲಕ್ಷ ಚಿಲ್ಲರೆ. ಪ್ರತಿ ಕಾರ್ಯಕ್ರಮದಲ್ಲೂ ಮೈಕಿನ ಮುಂದೆ ಒಂದೊಂದು ಸಮುದಾಯ ಭವನಕ್ಕೆ ಐದು ಲಕ್ಷ, ಹತ್ತು ಲಕ್ಷ ಘೋಷಣೆಯಾದರೆ ಆ ಗಂಟು ಎಷ್ಟು ದಿನ ಬಂದೀತು? ಕಂಬ ಎದ್ದು, ತಾರಸಿ ಬೀಳದೆ, ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಆಕಾಶ ನೋಡುತ್ತಿರುವ ಭವನಗಳನ್ನು ಬಸ್ಸಿನ ಕಿಟಕಿಯಿಂದ ಕಾಣದ ಪ್ರಯಾಣಿಕ ಯಾರಿದ್ದಾನೆ?

ಕಪಿಲೆ ಉಕ್ಕಿದಾಗಲೂ ಇದೇ. ಕಬಿನಿಯಿಂದ ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ. 2019ರ ಆಗಸ್ಟಿನಲ್ಲಿ ಮಲ್ಲನಮೂಲೆ ಬಳಿ ಮೈಸೂರು ರಸ್ತೆಯೇ ಬಂದ್ ಆಗಿತ್ತು. ನೀರು ಬಂದಾಗ ಎಲ್ಲ ಪಕ್ಷದವರೂ ಪಂಚೆ ಎತ್ತಿ ಕಟ್ಟಿಕೊಂಡು ನೋಡಲು ಬರುತ್ತಾರೆ. ನೀರು ಇಳಿದ ಮೇಲೆ ಮತ್ತೆ ಮದುವೆ, ಜಯಂತಿ.

ಜನಸ್ಪಂದನ ಇಲ್ಲವೇ ಎಂದು ಕೇಳಬಹುದು. ಇದೆ. ಅಲ್ಲೂ ಶಾಮಿಯಾನ, ಅಲ್ಲೂ ಹಾರ, ಅಲ್ಲೂ ಪ್ರಾರ್ಥನೆ, ಸ್ವಾಗತ, ವಂದನಾರ್ಪಣೆ. ಅರ್ಜಿಯ ಸರದಿ ಬರುವಷ್ಟರಲ್ಲಿ ಸಾಹೇಬರಿಗೆ ಮುಂದಿನ ಊರಿನಿಂದ ಫೋನು. ಕಾಗದ ಪಿ.ಎ. ಚೀಲ ಸೇರಿತೋ, ಹಾರಗಳ ಜೊತೆ ಕಾರಿನ ಹಿಂದಿನ ಸೀಟಿಗೆ ಬಿತ್ತೋ ಕೊಟ್ಟವನಿಗೆ ತಿಳಿಯದು.

ಮದುವೆಗೆ ಹೋಗಲಿ, ತಿಥಿಗೂ ಹೋಗಲಿ, ಬೇಡವೆನ್ನಲು ಯಾರಿಗೂ ಮನಸ್ಸಿಲ್ಲ. ಏಳರಲ್ಲಿ ಒಂದು ದಿನ, ಅದೂ ಬೆಳಿಗ್ಗೆ ಹತ್ತರಿಂದ ಎರಡರವರೆಗೆ, ನಂಜನಗೂಡಿನವರು ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ, ನರಸೀಪುರದವರು ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕೂರಲಿ. ಒಂದು ಮೇಜು, ಎರಡು ಕುರ್ಚಿ, ಅರ್ಜಿಗೆ ನಂಬರು ಹಾಕಿ ಕೊಡಲು ಒಂದು ರಿಜಿಸ್ಟರು. ಪಕ್ಕದಲ್ಲಿ ತಹಸೀಲ್ದಾರರು. ಶಾಮಿಯಾನ ಬೇಡ, ಹಾರವಂತೂ ಬೇಡವೇ ಬೇಡ.