ಹಾರತುರಾಯಿಯೂ ಹೊಸ ಗ್ರಂಥವೂ

ಕನ್ನಡ ನಾಡಿನ ಜಿಲ್ಲೆಯ ಪಟ್ಟಣಗಳಲ್ಲಿ ಈಗ ಹೊಸ ಗ್ರಂಥಗಳಿಗೆ ಕೊರತೆಯಿಲ್ಲ. ಗ್ರಂಥಗಳ ಬಿಡುಗಡೆಗಂತೂ ಇಲ್ಲವೇ ಇಲ್ಲ. ಭಾನುವಾರ ಬಂದಿತೆಂದರೆ ಯಾವುದೋ ಒಂದು ಸಭಾಭವನದಲ್ಲಿ ಬಣ್ಣದ ಕಾಗದ ಸುತ್ತಿದ ಪುಸ್ತಕದ ಕಟ್ಟೊಂದು ತಟ್ಟೆಯ ಮೇಲೆ ಕಾದಿರುತ್ತದೆ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತರು ಎಂದು ವೇದಿಕೆಯ ಮೇಲೆ ಎಂಟು ಜನ. ಕೆಳಗೆ ಗ್ರಂಥಕರ್ತನ ಬಂಧುಗಳೂ ಮುಂದಿನ ಭಾನುವಾರದ ಗ್ರಂಥಕರ್ತನೂ ಸೇರಿ ನಲವತ್ತು ಜನ. ಕಟ್ಟನ್ನು ಬಿಚ್ಚುತ್ತಾರೆ, ಪ್ರತಿಗಳನ್ನು ಎದೆಯ ಮಟ್ಟಕ್ಕೆ ಹಿಡಿದು ಛಾಯಾಚಿತ್ರಕ್ಕೆ ನಿಲ್ಲುತ್ತಾರೆ, ಗ್ರಂಥವನ್ನು ಇನ್ನೂ ಓದಲು ಬಿಡುವಾಗಲಿಲ್ಲವೆಂಬ ಪೀಠಿಕೆಯೊಡನೆ ಮುಖ್ಯ ಅತಿಥಿಗಳು ಅದನ್ನು ಅರ್ಧಗಂಟೆ ಹೊಗಳುತ್ತಾರೆ. ಕತ್ತಲಾಗುವ ಹೊತ್ತಿಗೆ ಸಭಾಭವನ ಬರಿದು. ಎಷ್ಟು ಪ್ರತಿಗಳು ಮಾರಾಟವಾದುವೆಂದು ಕೇಳುವ ಅಪ್ರಸ್ತುತಪ್ರಸಂಗಿ ಅಲ್ಲಿ ಒಬ್ಬನೂ ಇರುವುದಿಲ್ಲ.

ಪ್ರಕಾಶಕರ ಆಶ್ರಯವಿಲ್ಲದೆ ಸ್ವಂತ ಖರ್ಚಿನಿಂದ ಗ್ರಂಥವನ್ನು ಹೊರತರುವವನು ಸಾಮಾನ್ಯವಾಗಿ ಧನಿಕನಲ್ಲ. ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣದ ಒಂದಂಶವನ್ನೋ, ಮನೆಯ ದುರಸ್ತಿಗೆಂದು ಕೂಡಿಟ್ಟುದನ್ನೋ ಮುದ್ರಣಾಲಯಕ್ಕೆ ಸುರಿದವನು ಅವನು. ಅವನ ಉತ್ಸಾಹವನ್ನು ಹಾಸ್ಯ ಮಾಡುವುದು ಅನ್ಯಾಯ. ಆದರೆ ಪ್ರಕಟನೆಯೆಂಬ ಶಬ್ದದ ಅರ್ಥವನ್ನೇ ಅವನು ತಪ್ಪಾಗಿ ಗ್ರಹಿಸಿದ್ದಾನೆಂದು ಹೇಳದೆ ವಿಧಿಯಿಲ್ಲ. ಪ್ರಕಟವಾಗುವುದೆಂದರೆ ಯಾರಿಗೆ ಕಾಣಬೇಕೋ ಅವರಿಗೆ ಕಾಣುವುದು. ವೇದಿಕೆಯ ಎಂಟು ಜನಕ್ಕೆ ಕಂಡು, ಮಿಕ್ಕ ಪ್ರತಿಗಳೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ಮಂಚದ ಕೆಳಗೆ ಸೇರಿದರೆ ಅದಕ್ಕೆ ತಿರೋಧಾನವೆಂದು ಹೆಸರು. ‘ಬಿಡುಗಡೆ’ ಎಂಬ ಮಾತು ಇಲ್ಲಿ ವಿಪರೀತಾರ್ಥವನ್ನೇ ಪಡೆದಿದೆ: ಬಣ್ಣದ ಕಾಗದದಿಂದ ಬಿಡುಗಡೆ, ಗೆದ್ದಲ ಪಾಲಿಗೆ ಸೆರೆ.

ಖರ್ಚಿನ ಲೆಕ್ಕವನ್ನು ತುಸು ನೋಡಬೇಕು. ಸಭಾಭವನದ ಬಾಡಿಗೆ, ಧ್ವನಿವರ್ಧಕ, ಆಹ್ವಾನಪತ್ರಿಕೆ, ಫ್ಲೆಕ್ಸು, ಶಾಲು, ಫಲತಾಂಬೂಲ, ಸ್ಮರಣಿಕೆ, ಬೆಂಗಳೂರಿನಿಂದ ಬರುವ ಅತಿಥಿಗಳ ಕಾರು, ಅವರ ಊಟ. (ಗಂಧದ ಹಾರವೂ ಉಂಟು, ಈಚೆಗೆ ಅದರಲ್ಲಿ ಗಂಧವಿರುವುದಿಲ್ಲ.) ಉದಾಹರಣೆಗೆ, 200 ರೂಪಾಯಿ ಬೆಲೆಯ ಗ್ರಂಥದ ಒಂದು ಪ್ರತಿಗೆ ಅಚ್ಚಿನ ವೆಚ್ಚ 90 ರೂಪಾಯಿಯೆಂದೂ ಅಂಗಡಿಯವರಿಗೆ ಕೊಡುವ ಸೋಡಿ ನೂರಕ್ಕೆ 40 ಎಂದೂ ಇಟ್ಟುಕೊಂಡರೆ, ಪ್ರತಿಯೊಂದಕ್ಕೆ ಗ್ರಂಥಕರ್ತನಿಗೆ ಉಳಿಯುವುದು 30 ರೂಪಾಯಿ. ಸಮಾರಂಭಕ್ಕೆ 30,000 ರೂಪಾಯಿ ಹೋಯಿತೆಂದರೆ ಆ ಹಣ ಹಿಂದಿರುಗುವುದಕ್ಕೆ ಸಾವಿರ ಪ್ರತಿಗಳು ಮಾರಬೇಕು. ಅಚ್ಚು ಹಾಕಿಸಿದ್ದೇ ಐದುನೂರು! ಅದೇ ಪ್ರತಿಯನ್ನು ಗ್ರಂಥಕರ್ತನೇ ನೂರಕ್ಕೆ 10ರ ಸೋಡಿಯಿಂದ ಓದುಗನ ಕೈಗೆ ಕೊಟ್ಟಿದ್ದರೆ ಅವನಿಗೆ 90 ರೂಪಾಯಿ ಉಳಿಯುತ್ತಿತ್ತು. ಓದುಗನಿಗೂ 20 ರೂಪಾಯಿ ಉಳಿಯುತ್ತಿತ್ತು.

ಇಲ್ಲಿ ಪೂರ್ವಪಕ್ಷವೊಂದು ಸಿದ್ಧವಾಗಿರುತ್ತದೆ. ಬರೆಯುವುದು ತಪಸ್ಸು, ಮಾರುವುದು ವಾಣಿಜ್ಯ, ಸರಸ್ವತಿಯನ್ನು ಸಂತೆಗೆ ಎಳೆಯುವುದು ಗ್ರಂಥಕರ್ತನಿಗೆ ಭೂಷಣವಲ್ಲ, ಒಳ್ಳೆಯ ಗ್ರಂಥ ತಾನಾಗಿಯೇ ಓದುಗನನ್ನು ಸೇರುತ್ತದೆ ಎಂದು ಕೆಲವು ಪ್ರಾಜ್ಞರು ಹೇಳುವುದುಂಟು. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಶಾಲು ಹೊದಿಸಿಕೊಳ್ಳುವುದನ್ನು ವಾಣಿಜ್ಯವೆಂದು ಎಣಿಸುವುದಿಲ್ಲವೆಂಬುದು ಬೇರೆ ಮಾತು. ಇವರ ವಾದಕ್ಕೆ ಪ್ರಾಚೀನರ ಬೆಂಬಲವಿದೆಯೆಂಬ ಭ್ರಮೆಯಿದೆಯಲ್ಲ, ಅದನ್ನೇ ಮೊದಲು ಪರೀಕ್ಷಿಸಬೇಕು.

ನಾಟ್ಯಶಾಸ್ತ್ರಜ್ಞರು ಭಾರತೀವೃತ್ತಿಯ ಅಂಗಗಳಲ್ಲಿ ‘ಪ್ರರೋಚನಾ’ ಎಂಬುದೊಂದನ್ನು ಹೇಳಿದ್ದಾರೆ. ನಾಟಕದ ಆರಂಭದಲ್ಲಿ ಪ್ರಶಂಸೆಯ ಮೂಲಕ ಸಭಿಕರ ಮನಸ್ಸನ್ನು ಕೃತಿಯ ಕಡೆಗೆ ಸೆಳೆಯುವುದೇ ಅದರ ಪ್ರಯೋಜನ. ಕಾಳಿದಾಸನಂಥ ಕವಿಯೂ ಇದನ್ನು ಬಿಡಲಿಲ್ಲ. ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಭಾಸ, ಸೌಮಿಲ್ಲ, ಕವಿಪುತ್ರರೆಂಬ ಹೆಸರಾಂತ ಕವಿಗಳನ್ನು ಬಿಟ್ಟು ಈಗಿನ ಕಾಲದ ಕವಿಯೊಬ್ಬನ ನಾಟಕವನ್ನೇಕೆ ಆಡಬೇಕೆಂಬ ಪ್ರಶ್ನೆ ಏಳುತ್ತದೆ. ಸೂತ್ರಧಾರನು ಸಂಕೋಚವಿಲ್ಲದೆ ಹೊಸ ನಾಟಕದ ಪಕ್ಷವನ್ನು ವಹಿಸಿ ವಾದಿಸುತ್ತಾನೆ. ಆ ಮಾತುಗಳನ್ನು ಬರೆದವನು ಕಾಳಿದಾಸನೇ. ತನ್ನ ಕೃತಿಯನ್ನು ತಾನೇ ಲೋಕದ ಮುಂದಿಡುವುದು ಅಗೌರವವೆಂದು ಅವನಿಗೆ ತೋರಲಿಲ್ಲ. ಆದರೆ ಒಂದು ಮುಖ್ಯ ಭೇದವನ್ನು ಗಮನಿಸಬೇಕು: ಅಲ್ಲಿ ಪ್ರರೋಚನೆ ಮುಗಿದೊಡನೆ ನಾಟಕ ಆರಂಭವಾಗುತ್ತದೆ. ಇಂದಿನ ಬಿಡುಗಡೆ ಸಮಾರಂಭಗಳಲ್ಲಿ ಪ್ರರೋಚನೆಯೇ ನಾಟಕ. ಅದು ಮುಗಿದೊಡನೆ ತೆರೆ ಬೀಳುತ್ತದೆ. ಗ್ರಂಥದ ಒಂದು ಪುಟವನ್ನಾದರೂ ಸಭೆಗೆ ಓದಿ ಹೇಳುವ ಪದ್ಧತಿಯಿಲ್ಲ. ಗಮಕಿಗಳು ರಾಗವಾಗಿ ಓದಿ ಕುಮಾರವ್ಯಾಸನನ್ನು ಹಳ್ಳಿಯ ಜಗಲಿಗಳಿಗೆ ಮುಟ್ಟಿಸಿದ ನಾಡಿನಲ್ಲಿ ಇದು ನಡೆಯುತ್ತಿದೆ.

ಶಾಸ್ತ್ರಗ್ರಂಥಗಳ ಕಡೆಗೆ ನೋಡಿದರೂ ಇಷ್ಟೇ. ಅನುಬಂಧಚತುಷ್ಟಯವನ್ನು ತಿಳಿಸದೆ ಶಾಸ್ತ್ರವನ್ನು ಆರಂಭಿಸಬಾರದೆಂಬುದು ಹಿಂದಿನವರ ನಿಯಮ. ವಿಷಯ ಯಾವುದು, ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು ಎಂಬ ನಾಲ್ಕನ್ನೂ ಮೊದಲೇ ಹೇಳಿಬಿಡುತ್ತಿದ್ದರು. ಈಗಿನ ಆಹ್ವಾನಪತ್ರಿಕೆಗಳನ್ನು ಹತ್ತು ಒಟ್ಟುಗೂಡಿಸಿ ನೋಡಿದರೆ ಈ ನಾಲ್ಕರಲ್ಲಿ ಒಂದೂ ದೊರೆಯಲಾರದು. ಅತಿಥಿಗಳ ಪದವಿ ಪ್ರಶಸ್ತಿಗಳು ಅಲ್ಲಿರುತ್ತವೆ. ಗ್ರಂಥವು ಕೃಷಿಯನ್ನು ಕುರಿತದ್ದೋ ಕಾದಂಬರಿಯೋ ಎಂಬುದು ಎಷ್ಟೋ ವೇಳೆ ತಿಳಿಯುವುದಿಲ್ಲ. ಯಾರು ಓದಬೇಕೆಂದು ಗ್ರಂಥಕರ್ತನೇ ಯೋಚಿಸದಿದ್ದರೆ, ಆ ಅಧಿಕಾರಿಯನ್ನು ಹುಡುಕಿಕೊಂಡು ಹೋಗುವವರು ಯಾರು?

ಇನ್ನು ಹೊಗಳಿಕೆಯ ವಿಚಾರ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಯಾವುದೂ ರುಚಿಸದವನು ಅರೋಚಕಿ; ಹುಲ್ಲನ್ನೂ ಅನ್ನದೊಡನೆ ನುಂಗಿಬಿಡುವವನು ಸತೃಣಾಭ್ಯವಹಾರಿ; ಮೂರನೆಯವನು ಮತ್ಸರಿ; ನಾಲ್ಕನೆಯವನು ತತ್ತ್ವಾಭಿನಿವೇಶಿ. ಬಿಡುಗಡೆಯ ವೇದಿಕೆಗೆ ಪ್ರವೇಶವಿರುವುದು ಎರಡನೆಯ ವರ್ಗಕ್ಕೆ ಮಾತ್ರ. ಮುನ್ನುಡಿ, ಬೆನ್ನುಡಿ, ಶುಭಾಶಯಗಳನ್ನು ಬರೆಯುವವರೂ ಬಹುಮಟ್ಟಿಗೆ ಅವರೇ. ಎಲ್ಲ ಗ್ರಂಥಗಳನ್ನೂ ಒಂದೇ ಪದಪುಂಜದಿಂದ ಹೊಗಳಿದರೆ ಹೊಗಳಿಕೆಗೆ ಬೆಲೆ ಉಳಿಯುವುದಿಲ್ಲ. ನಿಜವಾಗಿ ಒಳ್ಳೆಯದಾದ ಗ್ರಂಥವೂ ಆ ಸಂತೆಯಲ್ಲಿ ಗುರುತು ಸಿಕ್ಕದೆ ಹೋಗುತ್ತದೆ. ಇದರಿಂದ ಹಾನಿಯಾಗುವುದು ಶ್ರದ್ಧೆಯಿಂದ ಬರೆದವನಿಗೆ.

ಗ್ರಂಥವನ್ನು ಓದುಗನ ಬಾಗಿಲಿಗೆ ಒಯ್ಯುವುದರಲ್ಲಿ ಮಾನಹಾನಿಯಿದೆಯೆನ್ನುವವರು ಗಳಗನಾಥರನ್ನು ನೆನೆಯಬೇಕು. ವೆಂಕಟೇಶ ತಿರಕೋ ಕುಲಕರ್ಣಿಯವರು 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ವರದಾ ತುಂಗಭದ್ರೆಯರ ಸಂಗಮದಲ್ಲಿರುವ ತಮ್ಮ ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು. ಉಪಾಧ್ಯಾಯವೃತ್ತಿಯಲ್ಲಿದ್ದವರು. ಅವರು ಬರೆಯತೊಡಗಿದಾಗ ಉತ್ತರ ಕರ್ನಾಟಕದ ವಿದ್ಯಾವಂತರ ಮನೆಗಳಲ್ಲಿ ಮರಾಠಿಯ ಪ್ರಾಬಲ್ಯ. ಕನ್ನಡದಲ್ಲಿ ಓದಲು ಏನಿದೆಯೆಂದು ಕೇಳುವುದೇ ವಿದ್ಯಾವಂತಿಕೆಯ ಲಕ್ಷಣವಾಗಿತ್ತು. ಆ ಪ್ರಶ್ನೆಗೆ ಅವರು ಸಭೆ ಕೂಡಿಸಿ ಉತ್ತರ ಕೊಡಲಿಲ್ಲ. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ವಿಜಯನಗರದ ಕಥೆಯನ್ನು ‘ಮಾಧವ ಕರುಣಾವಿಲಾಸ’ವೆಂದು ತಾವೇ ಬರೆದರು, ಬರೆದುದನ್ನು ಗಂಟು ಕಟ್ಟಿ ಹೊತ್ತುಕೊಂಡು ಊರಿಂದ ಊರಿಗೆ ನಡೆದು ಮಾರಿದರು. ಹೊತ್ತುಕೊಂಡು ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಕನ್ನಡ ಪುಸ್ತಕಕ್ಕೆ ಕಾಸು ಕೊಡುವ ಅಭ್ಯಾಸವೇ ಇಲ್ಲದ ಕಡೆ ಆ ಅಭ್ಯಾಸವನ್ನು ಬಿತ್ತಿದ್ದು ಈ ನಡಿಗೆ. ಹೀಗೆ ಮಾರುವವನಿಗೆ ಒಂದು ಲಾಭವುಂಟು, ಅದು ಹಣದ್ದಲ್ಲ: ಕೊಂಡವನ ಮುಖವನ್ನು ಅವನು ನೋಡುತ್ತಾನೆ, ಮತ್ತೊಮ್ಮೆ ಆ ಊರಿಗೆ ಹೋದಾಗ ಓದಿದವನು ಏನೆಂದನೆಂಬುದನ್ನು ಕೇಳುತ್ತಾನೆ, ಮುಂದಿನ ಗ್ರಂಥವನ್ನು ಯಾರಿಗಾಗಿ ಬರೆಯಬೇಕೆಂದು ಅವನಿಗೆ ತಿಳಿಯುತ್ತದೆ. ಗಳಗನಾಥರ ವಾಕ್ಯಗಳು ಮನೆಯ ಹೆಂಗಸರಿಗೂ ಮಕ್ಕಳಿಗೂ ನಿಲುಕುವಂತಿರುವುದಕ್ಕೆ ಈ ಅಲೆದಾಟವೂ ಒಂದು ಕಾರಣವೆಂದು ಊಹಿಸುವುದರಲ್ಲಿ ತಪ್ಪಿಲ್ಲ.

ಇದು ಒಬ್ಬರ ವಿಲಕ್ಷಣ ಸಾಹಸವೂ ಅಲ್ಲ. ಶಿವರಾಮ ಕಾರಂತರು ಪುತ್ತೂರಿನಿಂದ ತಮ್ಮ ಗ್ರಂಥಗಳನ್ನು ತಾವೇ ಪ್ರಕಟಿಸಿದರು; ಅದರಿಂದ ಅವರ ಗೌರವ ಕುಂದಲಿಲ್ಲ, 1977ರಲ್ಲಿ ಜ್ಞಾನಪೀಠವೂ ಬಂದಿತು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಚಂದಾದಾರರನ್ನು ಕೂಡಿಸಿಕೊಂಡರು. ಓದುಗನನ್ನು ಮೊದಲು ಗೊತ್ತುಮಾಡಿಕೊಂಡು ಗ್ರಂಥವನ್ನು ಕಳಿಸುವ ಪದ್ಧತಿಯದು. ಇನ್ನೂ ಹಿಂದಕ್ಕೆ ಹೋದರೆ, ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವೇ ಆಗಿದೆ. ಅದು ದಾನ, ವಿಕ್ರಯವಲ್ಲ, ಎನ್ನಬಹುದು. ಸರಿ, ಆದರೆ ಆ ಮಹಾತಾಯಿ ಒಂದು ಪ್ರತಿಯನ್ನು ಎತ್ತಿ ತೋರಿಸಿ ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನು ಅಟ್ಟದ ಮೇಲಿಡಿಸಲಿಲ್ಲ.

ಸರ್ಕಾರದ ಸಗಟು ಖರೀದಿ ಇದೆಯಲ್ಲ ಎಂದು ಸಮಾಧಾನ ಹೇಳುವವರುಂಟು. 1965ರ ಗ್ರಂಥಾಲಯ ಶಾಸನದಿಂದ ಆಸ್ತಿತೆರಿಗೆಯೊಡನೆ ಗ್ರಂಥಾಲಯ ಕರವೂ ಸಂಗ್ರಹವಾಗುತ್ತಿದೆ, ಅದರಿಂದ ಗ್ರಂಥಗಳು ಕೊಳ್ಳಲ್ಪಡುತ್ತಿವೆ, ಒಳ್ಳೆಯದೇ. ಆದರೆ ಗ್ರಂಥಾಲಯದ ಕಪಾಟಿಗಾಗಿಯೇ ಬರೆದ ಗ್ರಂಥ ಕಪಾಟಿನಲ್ಲೇ ಉಳಿಯುತ್ತದೆ. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದರೆ ಕೃತಾರ್ಥತೆ, ಬಾರದಿದ್ದರೆ ಕನ್ನಡಿಗರಿಗೆ ಅಭಿರುಚಿಯಿಲ್ಲವೆಂಬ ಶಾಪ, ಎರಡೂ ಓದುಗನನ್ನು ಮರೆತ ಮನಸ್ಸಿನ ಲಕ್ಷಣಗಳು.

ಮೊಬೈಲಿನಲ್ಲಿ ಪ್ರಚಾರ ಮಾಡಿದರೆ ಸಾಕೆಂಬುದು ತರುಣರ ವಾದ. ವಾಟ್ಸಾಪಿನಲ್ಲಿ ಮುಖಪುಟದ ಚಿತ್ರವನ್ನು ಕಳುಹಿಸಿದರೆ ಒಂದು ಗಳಿಗೆಯಲ್ಲಿ ಮುನ್ನೂರು ಮಂದಿ ಕೈಮುಗಿದ ಚಿಹ್ನೆಯನ್ನು ಹಿಂದಕ್ಕೆ ಕಳುಹಿಸುತ್ತಾರೆ. ಆ ಮುನ್ನೂರರಲ್ಲಿ ಹಣ ಕಳುಹಿಸಿ ವಿಳಾಸ ಕೊಟ್ಟವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಸಾಧನವನ್ನು ಹಳಿಯಬೇಕಾಗಿಲ್ಲ. ಚಿತ್ರದ ಬದಲು ಗ್ರಂಥದ ಎರಡು ಪುಟಗಳನ್ನೂ, ಬೆಲೆಯನ್ನೂ, ಅಂಚೆಯ ಖರ್ಚನ್ನೂ, ಇದು ಯಾರಿಗೆ ಉಪಯೋಗವೆಂಬುದನ್ನೂ ಕಳುಹಿಸಿದರೆ ಅದೇ ಸಾಧನ ಕೆಲಸಕ್ಕೆ ಬರುತ್ತದೆ. ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ಸಣ್ಣ ಪ್ರಕಾಶಕರು ಸಂಕಟಪಟ್ಟದ್ದು ನಿಜ. 2025ರ ಮೇ 1ರಿಂದ ಅಂಚೆ ಇಲಾಖೆಯವರು ಜ್ಞಾನ ಪೋಸ್ಟ್ ಎಂಬ ಹೊಸ ಏರ್ಪಾಟನ್ನು ಮಾಡಿದ್ದಾರೆ. ಆರಂಭದಲ್ಲಿ ಗೊತ್ತುಪಡಿಸಿದ ದರ 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋವಿಗೆ 100 ರೂಪಾಯಿ, ತೆರಿಗೆ ಬೇರೆ. ಯಾವ ಬಗೆಯ ಗ್ರಂಥಗಳಿಗೆ ಅದು ಅನ್ವಯಿಸುವುದೆಂಬ ನಿಬಂಧನೆಗಳನ್ನು ಅಂಚೆಮನೆಯಲ್ಲಿ ಕೇಳಿ ತಿಳಿಯುವಷ್ಟು ಶ್ರಮವನ್ನು ಗ್ರಂಥಕರ್ತನು ವಹಿಸಬೇಕು.

ದೋಷವನ್ನೆಲ್ಲ ಗ್ರಂಥಕರ್ತನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಸುಶಿಕ್ಷಿತರ ಮನೆಗಳಲ್ಲಿ ನಡೆಯುವುದೇನು? ಪರಿಚಿತನೊಬ್ಬ ಗ್ರಂಥ ಬರೆದನೆಂದು ತಿಳಿದೊಡನೆ ಹೊರಡುವ ಮೊದಲ ಮಾತು, “ನಮಗೊಂದು ಪ್ರತಿ ಕೊಡಲಿಲ್ಲವಲ್ಲ!” ಎಂಬುದು. ಅಂಗಡಿ ತೆರೆದ ಸ್ನೇಹಿತನನ್ನು ಒಂದು ಸೇರು ಅಕ್ಕಿಯನ್ನು ಪುಕ್ಕಟೆ ಕೇಳಲು ನಾಚುವವರು, ನಾಲ್ಕು ವರ್ಷ ಬರೆದ ಸ್ನೇಹಿತನನ್ನು ಗ್ರಂಥ ಕೇಳಲು ನಾಚುವುದಿಲ್ಲ. ಮದುವೆಯ ಒಂದು ಊಟದ ಎಲೆಗೆ ಎಷ್ಟಾಯಿತೆಂದು ಲೆಕ್ಕವಿಡುವ ಮನೆಯಲ್ಲಿ ಇಡೀ ವರ್ಷಕ್ಕೆ ಪುಸ್ತಕದ ಬಾಬತ್ತಿನಲ್ಲಿ ಒಂದು ಸಾಲೂ ಇರುವುದಿಲ್ಲ. ಪುಕ್ಕಟೆ ಬಂದ ಗ್ರಂಥವನ್ನು ಓದುವವರು ವಿರಳ. ಕಾಸು ಕೊಟ್ಟು ಕೊಂಡದ್ದನ್ನು ಕಾಸಿನ ಮರುಕದಿಂದಲಾದರೂ ತೆರೆದು ನೋಡುತ್ತಾರೆ. ಗೌರವಪ್ರತಿಯೆಂಬ ಈ ರೂಢಿಯನ್ನು ಎರಡು ಕಡೆಯವರೂ ಸೇರಿ ನಿಲ್ಲಿಸದೆ ಸ್ವತಂತ್ರ ಗ್ರಂಥಕರ್ತನು ಎರಡನೆಯ ಗ್ರಂಥವನ್ನು ಅಚ್ಚು ಹಾಕಿಸಲಾರನು.

ಉಚಿತವಾಗಿ ಕೊಡಲೇಬೇಕಾದ ಪ್ರತಿಗಳು ಕೆಲವುಂಟು. ವಿಚಿತ್ರವೇನೆಂದರೆ ಅವನ್ನೇ ಕೊಡುವುದಿಲ್ಲ. 1954ರ ಗ್ರಂಥಸಲ್ಲಿಕೆಯ ಶಾಸನದಂತೆ ಪ್ರಕಟವಾದ 30 ದಿನಗಳೊಳಗಾಗಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಮದರಾಸು, ಮುಂಬಯಿ, ದೆಹಲಿಗಳ ಗೊತ್ತಾದ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕನು ಸ್ವಂತ ಖರ್ಚಿನಿಂದ ಕಳುಹಿಸತಕ್ಕದ್ದು. ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದವನೂ ಪ್ರಕಾಶಕನೇ. ಅತಿಥಿಗಳಿಗೆ ಐವತ್ತು ಪ್ರತಿ ಹಂಚುವವನು ನೂರು ವರ್ಷದ ಮೇಲೆ ಯಾರಾದರೂ ಹುಡುಕಿದರೆ ಸಿಕ್ಕಬಹುದಾದ ಈ ನಾಲ್ಕು ಪ್ರತಿಗಳನ್ನು ಮರೆಯುತ್ತಾನೆ. ಐಎಸ್‌ಬಿಎನ್ ಸಂಖ್ಯೆಯೂ ಹೀಗೆಯೇ: ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಶುಲ್ಕವಿಲ್ಲದೆ ಕೊಡುತ್ತದೆ. ಆದರೂ ಅದನ್ನು ಕೊಡಿಸುವೆವೆಂದು ಹಣ ತೆಗೆದುಕೊಳ್ಳುವ ಮಧ್ಯವರ್ತಿಗಳು ಇದ್ದಾರೆ, ಕೊಡುವವರೂ ಇದ್ದಾರೆ.

ಜಿಲ್ಲೆಯ ಸಾಹಿತ್ಯಸಂಘಗಳು ಇದರಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಸಂಘದ ಹೆಸರಿನಲ್ಲಿ ಬಿಡುಗಡೆ ನಡೆಯಬೇಕಾದರೆ ಶಾಲು ಹಾರಗಳಿರಕೂಡದು. ಗ್ರಂಥವನ್ನು ಓದಿದ ಒಬ್ಬರೇ ಮಾತಾಡತಕ್ಕದ್ದು, ಅದರ ಕೊರತೆಯನ್ನೂ ಹೇಳತಕ್ಕದ್ದು. ಗ್ರಂಥಕರ್ತನು ಅರ್ಧಗಂಟೆ ತನ್ನ ಗ್ರಂಥವನ್ನೇ ಓದತಕ್ಕದ್ದು ಎಂದು ನಿರ್ಣಯ ಮಾಡಬಹುದು. ಅಚ್ಚಿಗೆ ಹೋಗುವ ಮೊದಲೇ ಮುಂಗಡ ಚಂದಾದಾರರ ಹೆಸರುಗಳನ್ನು ಸಂಘವೇ ಬರೆದುಕೊಂಡು, ಎಷ್ಟು ಹೆಸರು ಬಂದುವೋ ಅದಕ್ಕೆ ತಕ್ಕಷ್ಟೇ ಪ್ರತಿಗಳನ್ನು ಅಚ್ಚು ಹಾಕಿಸುವಂತೆ ಗ್ರಂಥಕರ್ತನಿಗೆ ಹೇಳಬಹುದು. ಐವತ್ತು ನೂರು ಪ್ರತಿಗಳನ್ನು ಮಾತ್ರ ಮುದ್ರಿಸಿಕೊಡುವ ಅನುಕೂಲ ಈಗ ಇದೆ. ತಾಲ್ಲೂಕಿನ ಪ್ರೌಢಶಾಲೆಗಳಿಗೆ, ಜಾತ್ರೆಗಳಿಗೆ, ಸಂತೆಯ ದಿನಗಳಿಗೆ ಗ್ರಂಥಕರ್ತರು ಸರದಿಯಂತೆ ಹೋಗುವ ಏರ್ಪಾಟನ್ನೂ ಮಾಡಬಹುದು.

ಇಷ್ಟೆಲ್ಲ ಆಗದಿದ್ದರೆ, ಮಾಸಿಕ ಸಭೆಯ ಬಾಗಿಲ ಬಳಿ ಒಂದು ಮೇಜನ್ನು ಹಾಕಿಸಿ, ಜಿಲ್ಲೆಯವರ ಗ್ರಂಥಗಳನ್ನು ಬೆಲೆಯ ಚೀಟಿಯೊಡನೆ ಅಲ್ಲಿಟ್ಟು, ಮಾರಾಟದ ಲೆಕ್ಕಕ್ಕೆ ಒಂದು ಪುಸ್ತಕವನ್ನು ತೆರೆಯಲಿ. ಮೇಜಿನ ಹಿಂದೆ ಯಾರು ಕುಳಿತುಕೊಳ್ಳಬೇಕೆಂಬ ಚರ್ಚೆ ಬೇಕಾಗಿಲ್ಲ. ಆ ತಿಂಗಳು ಯಾರ ಗ್ರಂಥ ಹೊರಬಂದಿದೆಯೋ ಅವರೇ ಕುಳಿತುಕೊಳ್ಳಲಿ. ಚಿಲ್ಲರೆ ಕಾಸನ್ನು ಮನೆಯಿಂದಲೇ ತರಲಿ.